ಗೋಡೆ ಚೆಂದವಿತ್ತು, ಓದು ಬರುತ್ತಿರಲಿಲ್ಲ: ಒಂದು ನಲಿ-ಕಲಿ ತರಗತಿಯ ಪ್ರಕರಣ

ಇದು ಬಯಲುಸೀಮೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಡೆದದ್ದು. ಆಗ ನಾನು ಆ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಿಆರ್‌ಪಿ (ಶಾಲೆಗಳಿಗೆ ಭೇಟಿ ಕೊಟ್ಟು ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ) ಆಗಿದ್ದೆ. ಟೀಚರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಮಕ್ಕಳ ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಈ ಟೀಚರ ಥರ ಮೈಮುರಿದು ದುಡಿಯುವವರು ಪ್ರತಿ ಕ್ಲಸ್ಟರಿನಲ್ಲೂ ಇದ್ದಾರೆ. ಅವರ ದುಡಿಮೆ ಎಲ್ಲಿಗೆ ಹೋಗಿ ಸೇರುತ್ತಿದೆ ಅನ್ನುವ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಅದಕ್ಕೇ ಈ ಬರಹ.

ಹಿನ್ನೆಲೆ

ಒಂದರಿಂದ ಐದನೇ ತರಗತಿವರೆಗಿನ ಶಾಲೆ. ಇಬ್ಬರೇ ಶಿಕ್ಷಕರು. ನಾಲ್ಕು ಮತ್ತು ಐದನ್ನು ಮುಖ್ಯ ಶಿಕ್ಷಕರು ನೋಡಿಕೊಳ್ಳುತ್ತಿದ್ದರು. ಒಂದು, ಎರಡು, ಮೂರು ಸೇರಿದ ನಲಿ-ಕಲಿ ತರಗತಿ ಈ ಟೀಚರದು. ಒಟ್ಟು 23 ಮಕ್ಕಳು. ಹೆಚ್ಚಿನವರ ಮನೆಯಲ್ಲಿ ಕೂಲಿ, ಶೇಂಗಾ ಹೊಲ, ನಾಲ್ಕಾರು ಕುರಿ. ಕೆಲವು ಅಪ್ಪ-ಅಮ್ಮಂದಿರು ಬೇಸಿಗೆ ಬಂತೆಂದರೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಡುತ್ತಿದ್ದರು, ಮಕ್ಕಳನ್ನೂ ಕಟ್ಟಿಕೊಂಡು.

ನಲಿ-ಕಲಿ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಪದ್ಧತಿ ಇದು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು ರೂಪಿಸಿದ್ದು. ಇಲ್ಲಿ ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಪಾಠ ಕಲಿಯುವುದಿಲ್ಲ. ಕಲಿಕಾ ಏಣಿ ಇರುತ್ತದೆ. ಮಗು ತನ್ನ ವೇಗದಲ್ಲಿ ಒಂದೊಂದೇ ಕಾರ್ಡು ಮುಗಿಸುತ್ತಾ ಮೇಲೆ ಹೋಗುತ್ತದೆ. ಅಕ್ಷರ ಕೂಡ ಅ ಆ ಇ ಈ ಅಂತ ಬರುವುದಿಲ್ಲ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಯಾವ ಮಗು ಎಲ್ಲಿದೆ ಅನ್ನುವುದನ್ನು ಪ್ರಗತಿ ನೋಟದಲ್ಲಿ ಗುರುತು ಹಾಕಬೇಕು. ಮಕ್ಕಳು ಬಿಡಿಸಿದ್ದು, ಬರೆದದ್ದು ನೇತು ಹಾಕಲು ತಲೆಯ ಮೇಲೆ ದಾರದ ಕಲಿಕಾ ಚಪ್ಪರ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟುಕುವ ಕಪ್ಪುಹಲಗೆ.

ಟೀಚರಿಗೆ ಆಗ ಹತ್ತು ವರ್ಷದ ಸೇವೆ ಆಗಿತ್ತು. ರಜೆ ಹಾಕುವುದು ಕಡಿಮೆ. ಸಂಜೆ ಬಸ್ಸು ತಪ್ಪಿದರೂ ಪರವಾಗಿಲ್ಲ ಅಂತ ಕೂತು ಚಾರ್ಟು ಬರೆಯುತ್ತಿದ್ದರು. ಸ್ವಂತ ದುಡ್ಡಲ್ಲಿ ಥರ್ಮಾಕೋಲು, ಬಣ್ಣದ ಕಾಗದ ತರುತ್ತಿದ್ದರು. ಅವರ ಕೆಲಸದ ಬಗ್ಗೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ.

ಸಮಸ್ಯೆ ಬೆಳೆದ ಬಗೆ

ಕ್ಲಸ್ಟರಿಗೆ ಒಂದು ವಾಟ್ಸಾಪ್ ಗುಂಪಿತ್ತು. ಸುತ್ತೋಲೆ, ಸಭೆಯ ದಿನಾಂಕ, ಯಾವ ಮಾಹಿತಿ ಯಾವತ್ತಿನ ಒಳಗೆ ಕೊಡಬೇಕು, ಎಲ್ಲ ಅದರಲ್ಲೇ ಬರುತ್ತಿತ್ತು. ಅದಕ್ಕೇ ಮಾಡಿದ್ದ ಗುಂಪು. ನಿಧಾನಕ್ಕೆ ಅದು ಫೋಟೋಗಳ ಗುಂಪಾಯಿತು. ಬೆಳಿಗ್ಗೆ ಪ್ರಾರ್ಥನೆ, ಹಾಲು ಕುಡಿಯುವ ಸಾಲು, ಬಿಸಿಯೂಟ, ಗುಂಪು ಚಟುವಟಿಕೆ, ಸಂಜೆ ಆಟ. ಮೇಲಿನ ಅಧಿಕಾರಿಗಳೂ ಗುಂಪಿನಲ್ಲಿದ್ದರು. ಯಾರಾದರೂ ಒಂದು ಹೆಬ್ಬೆರಳು ಹಾಕಿದರೆ ಆ ಶಾಲೆಯಲ್ಲಿ ಅವತ್ತು ಹಬ್ಬ.

ಈ ಟೀಚರ ಫೋಟೋಗಳೇ ಎಲ್ಲರಿಗಿಂತ ಚೆಂದ ಇರುತ್ತಿದ್ದವು. ಗೋಡೆ ತುಂಬ ಬಣ್ಣ. ಚಪ್ಪರದ ತುಂಬ ಕಾಗದದ ಚಿಟ್ಟೆ, ಹೂವು, ಹಣ್ಣು. ಆದರೆ ಅವೆಲ್ಲ ಟೀಚರೇ ಕತ್ತರಿಸಿ ಅಂಟಿಸಿದ್ದು. ಮಕ್ಕಳು ಕತ್ತರಿಸಿದರೆ ಅಂಚು ಸೊಟ್ಟ ಆಗುತ್ತಿತ್ತು, ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿರಲಿಲ್ಲ. ದಾನಿಯೊಬ್ಬರು ಕೊಟ್ಟ ಬಣ್ಣದಲ್ಲಿ ಗೋಡೆಗೆ ರೈಲು ಬೋಗಿ ಬಿಡಿಸಿದಾಗ ಕೆಳಗಿನ ಕಪ್ಪುಹಲಗೆಯೂ ರೈಲಿನ ಚಕ್ರವಾಯಿತು. ಮಕ್ಕಳು ಬರೆಯುತ್ತಿದ್ದ ಜಾಗ ಹೋಯಿತು.

ಅವರಿಗೆ ಯಾಕೆ ಅಷ್ಟು ಬೇಕಾಗಿತ್ತು ಅನ್ನುವುದು ನನಗೆ ಅರ್ಥವಾಗುತ್ತದೆ. ಊರಿಗೆ ದಿನಾ ಬೆಳಿಗ್ಗೆ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಬರುತ್ತಿತ್ತು. 'ಸರ್ಕಾರಿ ಮೇಷ್ಟ್ರುಗಳಿಗೆ ಏನ್ ಕೆಲ್ಸ ಐತೆ, ಸಂಬಳ ಮಾತ್ರ ಬರ್ತದೆ' ಅನ್ನುವ ಮಾತು ಕಟ್ಟೆಯ ಮೇಲೆ ಕೇಳಿಸುತ್ತಿತ್ತು. ಮನೆಯಲ್ಲೂ ಅದೇ ಧಾಟಿ. ಹಗಲೆಲ್ಲ ದುಡಿದು ಬಂದವರಿಗೆ ಯಾರಾದರೂ ಒಬ್ಬರು 'ಚೆನ್ನಾಗಿ ಮಾಡಿದ್ದೀರಿ' ಅಂದರೆ ಸಾಕು ಅನ್ನಿಸುವುದು ಸಹಜ ಅಲ್ವಾ. ಅದು ಸಿಗುವ ಜಾಗ ಅವರಿಗೆ ಆ ಗುಂಪೊಂದೇ ಆಗಿತ್ತು. 'ರಾತ್ರಿ ಹನ್ನೊಂದಕ್ಕೂ ಫೋನ್ ನೋಡ್ತಿದ್ದೆ ಸರ್. ಯಾರು ನೋಡಿದ್ದಾರೆ, ನೋಡಿಯೂ ಯಾರು ಸುಮ್ನಿದ್ದಾರೆ ಅಂತ' ಎಂದು ಅವರೇ ಆಮೇಲೆ ಹೇಳಿದರು.

ಪ್ರಶಸ್ತಿಯ ಆಸೆಯೂ ಇತ್ತು. ನಮ್ಮಲ್ಲಿ ಪ್ರಶಸ್ತಿಗೆ ಅರ್ಜಿ ಹಾಕುವವರು ಶಿಕ್ಷಕರೇ. ರಾಷ್ಟ್ರ ಪ್ರಶಸ್ತಿಗೂ 2018ರಿಂದ ಶಿಕ್ಷಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕುವ ಪದ್ಧತಿ ಬಂದಿದೆ. ಅರ್ಜಿಯ ಜೊತೆ ದಾಖಲೆ, ಫೋಟೋ ಜೋಡಿಸಬೇಕು. ಹಾಗಾಗಿ ಟೀಚರ ಕಪಾಟಿನಲ್ಲಿ ಒಂದು ದಪ್ಪ ಫೈಲು ಬೆಳೆಯುತ್ತಲೇ ಇತ್ತು.

ಒಂದು ಮಗು ಮೇಲೆ ನೋಡಿದ್ದು

ಜುಲೈ ತಿಂಗಳ ಒಂದು ಭೇಟಿ. ಎರಡನೇ ತರಗತಿಯ ಹುಡುಗಿಯೊಬ್ಬಳು ಕಾರ್ಡು ಹಿಡಿದು ಪಟಪಟ ಓದುತ್ತಿದ್ದಳು. ಗರಗಸ. ಅಗಸ. ಸರ. ಪ್ರತಿ ಪದದ ಪಕ್ಕ ಚಿತ್ರ. ನಾನು ಚಿತ್ರಗಳ ಮೇಲೆ ಕೈ ಮುಚ್ಚಿ ಇನ್ನೊಂದು ಸಲ ಓದು ಪುಟ್ಟಿ ಅಂದೆ. ಸಾಲು ಬಾಯಿಪಾಠವಾಗಿತ್ತು, ಓದಿದಳು. ಕೊನೆಗೆ ಸ್ಲೇಟಿನ ಮೇಲೆ 'ಅರಸ' ಅಂತ ಬರೆದೆ. ಅವೇ ಅಕ್ಷರಗಳು, ಹೊಸ ಪದ.

ಅವಳು 'ಅ...' ಅಂದು ಟೀಚರ ಮುಖ ನೋಡಿದಳು. ಟೀಚರ ಮುಖದಲ್ಲಿ ಏನೂ ಕಾಣಲಿಲ್ಲ. 'ಅಗ...' ಅಂದು ಮತ್ತೆ ನೋಡಿದಳು. ಟೀಚರ ಹುಬ್ಬು ಸ್ವಲ್ಪ ಏರಿತು. ತಕ್ಷಣ ಬದಲಿಸಿ 'ಅಸ' ಅಂದಳು. ಅಷ್ಟು ಹೊತ್ತಿನಲ್ಲಿ ಅವಳು ಸ್ಲೇಟಿನ ಕಡೆ ಒಂದು ಸಲವೂ ಕಣ್ಣು ಹಾಯಿಸಲಿಲ್ಲ. ಉತ್ತರ ಟೀಚರ ಮುಖದಲ್ಲಿದೆ ಅನ್ನುವುದು ಅವಳಿಗೆ ಖಾತ್ರಿಯಾಗಿತ್ತು.

ನಾನು ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಊಟದ ಬಿಡುವಿನಲ್ಲಿ ಟೀಚರೇ ಬಂದು, 'ಸರ್, ಅವ್ಳು ಅಕ್ಷರ ನೋಡ್ತಾನೇ ಇಲ್ಲ' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ನಾನೂ ಹಂಗೇ ಆಗಿದೀನಿ ಅನ್ಸುತ್ತೆ' ಅಂದರು. ಈ ಪ್ರಕರಣದ ಮೊದಲ ತಿರುವು ಇದು. ಹೊರಗಿನವರು ಯಾರಾದರೂ ಈ ಮಾತು ಹೇಳಿದ್ದರೆ ಟೀಚರು ತಮ್ಮನ್ನು ಸಮರ್ಥಿಸಿಕೊಳ್ಳುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ತಾವೇ ಕಂಡಿದ್ದರಿಂದ ಅದು ಅವರ ಮನಸ್ಸಿನಲ್ಲಿ ಉಳಿಯಿತು.

ಮೊದಲ ಪ್ರಯತ್ನ ನಿಲ್ಲಲಿಲ್ಲ

ಮೊದಲು ಮಾಡಿದ್ದು ಫೋಟೋ ಹಾಕುವುದನ್ನು ನಿಲ್ಲಿಸಿದ್ದು. ಸುತ್ತೋಲೆ ಬರುವ ಗುಂಪಾದ್ದರಿಂದ ಅದನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಸುಮ್ಮನೆ ನೋಡಬೇಕು, ಏನೂ ಹಾಕಬಾರದು ಅಂತ ತೀರ್ಮಾನ ಮಾಡಿದರು. ಕೆಲವು ದಿನ ನಡೆಯಿತು. ಆಗಸ್ಟ್ 15 ಬಂತು. ಪಕ್ಕದ ಊರಿನ ಶಾಲೆಯ ಮೆರವಣಿಗೆ ಫೋಟೋಗೆ ಹೊಗಳಿಕೆಯ ಸುರಿಮಳೆ. ಸಂಜೆ ಹೊತ್ತಿಗೆ ಇವರೂ ಫೋಟೋ ಹಾಕಿದರು, ಎಂದಿಗಿಂತ ಜಾಸ್ತಿ.

ಇಲ್ಲಿ ಸೋತದ್ದು ಟೀಚರ ಮನಸ್ಸಿನ ಗಟ್ಟಿತನ ಅಂತ ನಾನು ಒಪ್ಪುವುದಿಲ್ಲ. ಇಷ್ಟು ವರ್ಷ 'ಇವತ್ತಿನ ಕೆಲಸ ಹೇಗಾಯಿತು' ಅನ್ನುವ ಪ್ರಶ್ನೆಗೆ ಉತ್ತರ ಆ ಗುಂಪಿನಿಂದ ಬರುತ್ತಿತ್ತು. ಅದನ್ನು ನಿಲ್ಲಿಸಿದರು, ಆದರೆ ಪ್ರಶ್ನೆ ಹಾಗೇ ಉಳಿಯಿತು. ಉತ್ತರ ಸಿಗುವ ಬೇರೆ ಜಾಗ ಇರಲಿಲ್ಲ. ದುಡಿಯುವ ಯಾರಿಗೇ ಆಗಲಿ, ಕೆಲಸ ಹೇಗೆ ಸಾಗಿದೆ ಅಂತ ತಿಳಿಯದೆ ದಿನ ದೂಡುವುದು ಕಷ್ಟ.

ಶನಿವಾರದ ನೋಟ್‌ಬುಕ್ಕು

ಎರಡನೇ ಪ್ರಯತ್ನ ಟೀಚರದೇ ಯೋಚನೆ. ಒಂದು ಇನ್ನೂರು ಪುಟದ ನೋಟ್‌ಬುಕ್ಕು ತಂದರು. ಒಂದೊಂದು ಮಗುವಿಗೂ ಕೆಲವು ಪುಟ. ಶನಿವಾರ ಬೆಳಗಿನ ಶಾಲೆ. ಅವತ್ತು ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮೂರು ನಿಮಿಷ ಓದಿಸಿ ಕೇಳುವುದು. ಮೊದಲು ಅಕ್ಷರ, ಆಮೇಲೆ ಪದ, ಆಮೇಲೆ ನಾಲ್ಕು ಸಾಲು, ಆಮೇಲೆ ಪುಟ್ಟ ಕಥೆ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಓದು ನೋಡುವುದೂ ಈ ನಾಲ್ಕು ಹಂತದಲ್ಲೇ. ಪ್ರತಿ ವಾರವೂ ಹೊಸ ಪದ, ಚಿತ್ರ ಇರಬಾರದು. ಉಳಿದ ಮಕ್ಕಳಿಗೆ ಆ ಹೊತ್ತಿನಲ್ಲಿ ದೊಡ್ಡ ಮೇಷ್ಟ್ರು ಅಂಗಳದಲ್ಲಿ ಕವಾಯತು, ಆಟ ಮಾಡಿಸುತ್ತಿದ್ದರು.

ಅಂಕ ಇಲ್ಲ. ಎಲ್ಲಿ ತಡೆಯಿತು ಅನ್ನುವುದನ್ನು ಮಾತ್ರ ಬರೆಯುವುದು. ಆ ಪುಟಗಳನ್ನು ನಾನು ಆಮೇಲೆ ನೋಡಿದ್ದೇನೆ. ಒಂದು ಮಗುವಿನ ಹೆಸರಿನ ಕೆಳಗೆ: 'ಎತ್ತು ಅನ್ನೋದನ್ನ ಎತು ಅಂತಾನೆ. ಒತ್ತು ಕಾಣ್ತಿಲ್ಲ.' ಇನ್ನೊಂದರ ಕೆಳಗೆ: 'ಕೊ, ಕೋ ಎರಡೂ ಒಂದೇ.' ಮತ್ತೊಂದರ ಕೆಳಗೆ: 'ಸೂರ್ಯದಲ್ಲಿ ನಿಂತಳು. ಯ ಮೊದಲು ಕಾಣುತ್ತೆ, ರ ಆಮೇಲೆ. ಹೇಗೆ ಹೇಳಿಕೊಡಲಿ?' ಅರ್ಕಾವತ್ತಿನ ತೊಂದರೆಯೇ ಇದು. ಬರೆಯುವಾಗ ಗುರುತು ಅಕ್ಷರದ ಆಚೆ ಬರುತ್ತದೆ, ಓದುವಾಗ ಮೊದಲು ಹೇಳಬೇಕು. ದೊಡ್ಡವರಿಗೆ ಇದು ತೊಂದರೆ ಅಂತಲೇ ಹೊಳೆಯುವುದಿಲ್ಲ.

ನನಗೆ ತುಂಬ ಇಷ್ಟವಾದ ಟಿಪ್ಪಣಿ ಬೇರೆ. ಒಬ್ಬ ಹುಡುಗ 'ಹಾಲು' ಪದವನ್ನು 'ಆಲು' ಅಂತ ಓದಿದ. ಟೀಚರು ಮೊದಲು ತಪ್ಪು ಅಂತ ಗುರುತು ಹಾಕಿದ್ದರು. ಮುಂದಿನ ವಾರ ಅದನ್ನು ಹೊಡೆದು ಹಾಕಿ ಹೀಗೆ ಬರೆದಿದ್ದರು: 'ಹ ಎಲ್ಲಿದೆ ತೋರಿಸು ಅಂದ್ರೆ ಸರಿಯಾಗಿ ತೋರಿಸ್ತಾನೆ. ಮನೇಲಿ ಆಲು ಅಂತಾರೆ. ಓದು ಬರುತ್ತೆ.' ಹದಿನೈದು ಬಣ್ಣದ ಚಾರ್ಟು ಬರೆದರೂ ಸಿಗದ ತಿಳಿವಳಿಕೆ ಆ ಮೂರು ಸಾಲಿನಲ್ಲಿದೆ.

ಮಕ್ಕಳಿಗೂ ಒಂದು ನಿಯಮ ಬಂತು. ಓದುವಾಗ ಟೀಚರ ಮುಖ ನೋಡುವ ಹಾಗಿಲ್ಲ. ಪಕ್ಕಪಕ್ಕ ಕೂತು ಇಬ್ಬರೂ ಪುಸ್ತಕ ನೋಡುವುದು. ಮಗು ತಡೆದರೆ ಟೀಚರು ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. 'ಅಕ್ಷರನೇ ಕೇಳು' ಅನ್ನುತ್ತಿದ್ದರು. ಶುರುವಿನಲ್ಲಿ ಕೆಲವು ಮಕ್ಕಳು ಅತ್ತರು. ಸರಿಯೋ ತಪ್ಪೋ ಅಂತ ಯಾರೂ ಹೇಳದಿದ್ದರೆ ಚಿಕ್ಕ ಮಕ್ಕಳಿಗೆ ಭಯ. ಆ ಭಯ ಕಳೆಯಲು ದಸರಾ ರಜೆವರೆಗೆ ಸಮಯ ಹಿಡಿಯಿತು.

ಪ್ರಗತಿ ನೋಟವನ್ನು ಹಿಂದಕ್ಕೆ ತಂದದ್ದು

ಮೊದಲ ಸುತ್ತಿನಲ್ಲಿ ಸಿಕ್ಕ ಲೆಕ್ಕ ಚೆನ್ನಾಗಿರಲಿಲ್ಲ. ಎರಡು ಮತ್ತು ಮೂರನೇ ತರಗತಿಯ 17 ಮಕ್ಕಳಲ್ಲಿ ಕಥೆ ಓದುವವರು ಐದು ಮಂದಿ. ಗೋಡೆಯ ಮೇಲಿನ ಪ್ರಗತಿ ನೋಟದ ಪ್ರಕಾರ ಹನ್ನೊಂದು ಮಂದಿ ಆ ಹಂತ ದಾಟಿ ಆಗಿತ್ತು. ಯಾರೋ ಬರುತ್ತಾರೆ ಅಂದಾಗಲೆಲ್ಲ ಹಾಕಿದ್ದ ಗುರುತುಗಳು ಅವು.

ಇಲ್ಲಿ ಎರಡನೇ ತಿರುವು. ಎರಡು ದಾರಿ ಇದ್ದವು. ಗೋಡೆಯ ಮೇಲಿನದನ್ನು ಹಾಗೇ ಬಿಟ್ಟು, ನೋಟ್‌ಬುಕ್ಕಿನ ಪ್ರಕಾರ ಸದ್ದಿಲ್ಲದೆ ಪಾಠ ಮಾಡುವುದು. ಇಲ್ಲವೇ ಗುರುತು ಅಳಿಸಿ ಮಕ್ಕಳನ್ನು ಅವರು ನಿಜವಾಗಿ ಇರುವ ಮೆಟ್ಟಿಲಿಗೆ ತರುವುದು. ದೊಡ್ಡ ಮೇಷ್ಟ್ರಿಗೆ ದಿಗಿಲಾಯಿತು. 'ಸಾಹೇಬ್ರು ಬಂದ್ರೆ ಏನ್ ಹೇಳ್ತೀರಮ್ಮ? ಹೋದ ತಿಂಗ್ಳು ಮುಂದಿದ್ದ ಮಗು ಈ ತಿಂಗ್ಳು ಹಿಂದೆ ಹೋಗಿದೆ ಅಂತಾನಾ?' ಅಂದರು. ಅವರ ಭಯವೂ ಸುಳ್ಳಲ್ಲ. ನಮ್ಮಲ್ಲಿ ಅಂಕಿ ಹಿಂದೆ ಹೋದರೆ ಮೊದಲು ಕೇಳುವುದು ವಿವರಣೆ, ಆಮೇಲೆ ಕಾರಣ.

ಟೀಚರು ಅಳಿಸಿದರು. ಕಾರಣ ಸರಳವಾಗಿತ್ತು. ನಲಿ-ಕಲಿಯಲ್ಲಿ ಯಾವ ಮಗು ಯಾವ ತಟ್ಟೆಯಲ್ಲಿ (ಗುಂಪಿನಲ್ಲಿ) ಕೂರಬೇಕು, ಯಾವ ಕಾರ್ಡು ತೆಗೆಯಬೇಕು ಅನ್ನುವುದು ಆ ಗುರುತಿನ ಮೇಲೆಯೇ ನಿಂತಿದೆ. ಗುರುತು ಸುಳ್ಳಾದರೆ ಮಗುವಿನ ಕೈಗೆ ದಿನಾ ಅದಕ್ಕೆ ಆಗದ ಕಾರ್ಡು ಬರುತ್ತದೆ. ಇನ್ನೊಬ್ಬರಿಗೆ ತೋರಿಸಲು ಮಾಡಿದ ದಾಖಲೆ ಕೊನೆಗೆ ಮಗುವಿನ ದಾರಿಗೇ ಅಡ್ಡ ನಿಂತಿತ್ತು. ನನ್ನ ಭೇಟಿ ವರದಿಯಲ್ಲಿ 'ಮರುಮೌಲ್ಯಮಾಪನ ಮಾಡಿ ಸರಿಪಡಿಸಲಾಗಿದೆ' ಅಂತ ಬರೆದು ಸಹಿ ಹಾಕಿದೆ. ಇಂಥ ಹೊತ್ತಿನಲ್ಲಿ ಮೇಲಿನವರ ಒಂದು ಸಾಲು ಶಿಕ್ಷಕರಿಗೆ ದೊಡ್ಡ ಆಸರೆ. ಸಿಆರ್‌ಪಿ ಮಿತ್ರರು ಇದನ್ನು ಗಮನಿಸಬೇಕು ಅಂತ ಕೇಳಿಕೊಳ್ಳುತ್ತೇನೆ.

ಅದೇ ವಾರ ರೈಲಿನ ಚಕ್ರಗಳ ಮೇಲೆ ಕಪ್ಪು ಬಣ್ಣ ಬಿತ್ತು. ಮಕ್ಕಳಿಗೆ ಬರೆಯುವ ಜಾಗ ವಾಪಸ್ ಬಂತು. ಚಿಟ್ಟೆ, ಹೂವು ಇಳಿದು ಮಕ್ಕಳ ಸೊಟ್ಟ ಕಾಗದಗಳು ಚಪ್ಪರ ಹತ್ತಿದವು.

ಆ ವರ್ಷ ನಡೆದದ್ದು

ಗುಂಪಿನಲ್ಲಿ ಇವರ ಶಾಲೆಯ ಫೋಟೋ ಕಡಿಮೆಯಾದದ್ದನ್ನು ಎಲ್ಲರೂ ಗಮನಿಸಿದರು. 'ಮೇಡಂ ಯಾಕೋ ಡಲ್ ಆಗಿದ್ದಾರೆ' ಅನ್ನುವ ಮಾತು ನನ್ನ ಕಿವಿಗೂ ಬಿತ್ತು. ತಾಲ್ಲೂಕು ಮಟ್ಟದ ಪ್ರಶಸ್ತಿ ಬೇರೆ ಶಾಲೆಯವರಿಗೆ ಹೋಯಿತು. ಇವರು ಅರ್ಜಿಯನ್ನೇ ಹಾಕಿರಲಿಲ್ಲ. ಬೇಜಾರಾಗಲಿಲ್ಲವಾ ಅಂತ ಕೇಳಿದೆ. 'ಆಯ್ತು ಸರ್, ಎರಡು ದಿನ ಆಯ್ತು' ಅಂದರು.

ಓದು ನಿಧಾನಕ್ಕೆ ಏರಿತು. ಕಾರ್ಡು ತೀರಾ ಹತ್ತಿರ ಹಿಡಿದು ಓದುತ್ತಿದ್ದ ಒಬ್ಬ ಹುಡುಗನ ಪುಟದಲ್ಲಿ 'ಕಣ್ಣು ನೋಡಿಸಬೇಕು' ಅಂತ ಮೂರು ವಾರ ಸತತ ಬರೆದಿತ್ತು. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ ಆರ್‌ಬಿಎಸ್‌ಕೆಯ ವೈದ್ಯರ ತಂಡ ಶಾಲೆಗೆ ಬಂದಾಗ ಅವನನ್ನೇ ಮೊದಲು ತೋರಿಸಿದರು. ಕನ್ನಡಕ ಬಂತು. ಅಲ್ಲಿಯವರೆಗೆ ಅವನನ್ನು ಎಲ್ಲರೂ ದಡ್ಡ ಅಂದುಕೊಂಡಿದ್ದರು.

ಫೆಬ್ರವರಿ ಹೊತ್ತಿಗೆ ಆ 17 ಮಕ್ಕಳಲ್ಲಿ 13 ಮಂದಿ ಹೊಸ ಕಥೆಯನ್ನು ತಾವಾಗಿ ಓದುತ್ತಿದ್ದರು. ಕನ್ನಡಕದ ಹುಡುಗ ಸಾಲುಗಳವರೆಗೆ ಬಂದಿದ್ದ. ಇಬ್ಬರು ಪದದ ಹಂತದಲ್ಲಿದ್ದರು. ಒಬ್ಬಳು ನಡುವೆ ಅಪ್ಪ-ಅಮ್ಮನ ಜೊತೆ ಬೆಂಗಳೂರಿಗೆ ಹೋಗಿ, ಬಂದು, ಮತ್ತೆ ಹೋಗಿದ್ದಳು.

ಊರಿಗೆ ಗೊತ್ತಾದದ್ದು ಬಸ್ ಸ್ಟಾಪಿನಲ್ಲಿ. ಸ್ಲೇಟು ಬಿಟ್ಟು ಟೀಚರ ಮುಖ ನೋಡಿದ್ದಳಲ್ಲ, ಅದೇ ಹುಡುಗಿ ಅಜ್ಜಿಯ ಜೊತೆ ಸಂತೆಗೆ ಹೊರಟಿದ್ದಳು. ಅಜ್ಜಿಗೆ ಓದು ಬರುವುದಿಲ್ಲ. ಬಸ್ಸು ಬಂದಾಗಲೆಲ್ಲ ಪಕ್ಕದವರನ್ನು 'ಇದು ಯಾವೂರ್ ಬಸ್ಸಪ್ಪಾ' ಅಂತ ಕೇಳುವುದು ಅವರಿಗೆ ರೂಢಿ. ಅವತ್ತು ಅವರು ಕೇಳುವ ಮೊದಲೇ ಹುಡುಗಿ ಬೋರ್ಡು ಓದಿ, 'ಇದಲ್ಲ ಅಜ್ಜಿ, ಕೂತ್ಕೋ' ಅಂದಳು. ಸ್ಟಾಪಿನಲ್ಲಿದ್ದ ಹತ್ತಾರು ಜನ ನೋಡಿದರು. ಅಜ್ಜಿ ಸಂತೆಯಿಂದ ಬಂದವರು ನೇರ ಶಾಲೆಗೆ ಬಂದು, ಮಡಿಲಲ್ಲಿದ್ದ ಬಾಳೆಹಣ್ಣು ಟೀಚರ ಮೇಜಿನ ಮೇಲಿಟ್ಟು ಹೋದರು. ಆ ವರ್ಷ ಟಿಸಿ ಕೇಳಿದ್ದ ಎರಡು ಮನೆಯವರಲ್ಲಿ ಒಬ್ಬರು ಮಗುವನ್ನು ಇಲ್ಲೇ ಉಳಿಸಿದರು. ಇನ್ನೊಬ್ಬರು ವ್ಯಾನಿಗೇ ಕಳಿಸಿದರು.

ಮಾರ್ಚಿನಲ್ಲಿ ಒಬ್ಬ ಅಧಿಕಾರಿ ಮುಂಚೆ ತಿಳಿಸದೆ ಬಂದರು. ಗ್ರಂಥಾಲಯದ ಒಂದು ಪುಸ್ತಕ ತೆಗೆದು, ನಡುವಿನ ಪುಟ ತೆರೆದು ಮಕ್ಕಳಿಂದ ಓದಿಸಿದರು. ಓದಿದರು. ಹೇಗೆ ಮಾಡಿದಿರಿ ಅಂತ ಕೇಳಿದಾಗ ನೋಟ್‌ಬುಕ್ಕು ಹೊರಬಂತು. ಅಧಿಕಾರಿಗೆ ಬಹಳ ಸಂತೋಷವಾಯಿತು. ಪುಟದ ಫೋಟೋ ತೆಗೆದು, ಎಲ್ಲ ಶಾಲೆಗಳೂ ಇಂಥ ಪುಸ್ತಕ ಇಡಬೇಕು ಅಂತ ಗುಂಪಿಗೆ ಹಾಕಿದರು.

ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದು. ಆದರೆ ಎರಡು ವಾರದಲ್ಲಿ ಅದಕ್ಕೊಂದು ನಮೂನೆ ಬಂತು. ಕಾಲಂಗಳು ಬಂದವು. ಕೆಲವು ಶಾಲೆಗಳಲ್ಲಿ ಒಂದೇ ದಿನ ಕೂತು, ಒಂದೇ ಪೆನ್ನಿನಲ್ಲಿ, ಇಡೀ ತಿಂಗಳಿನದನ್ನು ತುಂಬಿದ್ದನ್ನು ನಾನೇ ನೋಡಿದೆ. ಟೀಚರು ಆ ನಮೂನೆಯನ್ನೂ ತುಂಬಿ ಕೊಟ್ಟರು. ತಮ್ಮ ಹಳೆಯ ನೋಟ್‌ಬುಕ್ಕನ್ನು ಬೇರೆಯಾಗಿ ಮುಂದುವರಿಸಿದರು, ಅದೇ ಅಡ್ಡಾದಿಡ್ಡಿ ಅಕ್ಷರದಲ್ಲಿ.

ಈ ಪ್ರಕರಣದಿಂದ ಏನು ಸಿಗುತ್ತದೆ

ಮೆಚ್ಚುಗೆಯ ಆಸೆ ಕೆಲಸವನ್ನು ಪೂರ್ತಿ ನಿಲ್ಲಿಸುವುದಿಲ್ಲ. ಈ ಟೀಚರು ಫೋಟೋ ಹಾಕುತ್ತಿದ್ದ ಕಾಲದಲ್ಲೂ ಅಷ್ಟೇ ದುಡಿಯುತ್ತಿದ್ದರು. ಮೆಚ್ಚುವವರ ಕಣ್ಣಿಗೆ ಬೀಳುವ ಕಡೆಗೆ ದುಡಿಮೆ ವಾಲಿತ್ತು, ಅಷ್ಟೆ. ಗೋಡೆ ಫೋಟೋದಲ್ಲಿ ಬರುತ್ತದೆ. ಮಗು 'ಎತ್ತು' ಪದದ ಒತ್ತನ್ನು ಗುರುತಿಸಿದ್ದು ಬರುವುದಿಲ್ಲ. ಹಾಗಾಗಿ ಸೋಮಾರಿಗಳಿಗಿಂತ ಶ್ರಮಜೀವಿಗಳೇ ಈ ಬಲೆಗೆ ಬೇಗ ಬೀಳುತ್ತಾರೆ ಅನ್ನುವುದು ನನ್ನ ಅನುಭವ.

ಬಿಡಿಸಿಕೊಳ್ಳಲು 'ಯಾರ ಮಾತೂ ಬೇಡ' ಅನ್ನುವ ಹಟ ಸಾಕಾಗಲಿಲ್ಲ. ಕೆಲಸ ಹೇಗಾಗುತ್ತಿದೆ ಅನ್ನುವುದಕ್ಕೆ ಉತ್ತರ ಕೆಲಸದಿಂದಲೇ ಸಿಗುವ ಹಾಗೆ ಏನಾದರೂ ಒಂದು ಬೇಕಿತ್ತು. ಇಲ್ಲಿ ಅದು ಮೂರು ನಿಮಿಷದ ಓದು. ಬೇರೆಯವರಿಗೆ ಬೇರೆ ಇರಬಹುದು. ಆದರೆ ಅದು ವಾರಕ್ಕೊಮ್ಮೆಯಾದರೂ ಸಿಗಬೇಕು, ಸುಳ್ಳು ಹೇಳದ ಥರದ್ದಾಗಿರಬೇಕು. ವರ್ಷದ ಕೊನೆಯ ಫಲಿತಾಂಶ ನೋಡೋಣ ಅಂತ ಕೂತರೆ ನಡುವಿನ ತಿಂಗಳುಗಳಲ್ಲಿ ಮನಸ್ಸು ಮತ್ತೆ ಫೋನಿನ ಕಡೆ ಹೋಗುತ್ತದೆ.

ಕೆಲಸ ತಾನಾಗೇ ಮಾತಾಡುತ್ತದೆ ಅನ್ನುವುದನ್ನು ಮಾತ್ರ ಪೂರ್ತಿ ನಂಬಬೇಡಿ. ಇಲ್ಲಿ ಅದು ಮಾತಾಡಿದ್ದು ಅಜ್ಜಿಗೆ, ಮತ್ತು ಆಕಸ್ಮಿಕವಾಗಿ ಬಂದ ಒಬ್ಬ ಅಧಿಕಾರಿಗೆ. ಪ್ರಶಸ್ತಿ ಸಮಿತಿಗೆ ಅದು ಕೇಳಿಸಲೇ ಇಲ್ಲ. ಟಿಸಿ ತೆಗೆದುಕೊಂಡು ಹೋದ ಮನೆಯವರಿಗೂ ಕೇಳಿಸಲಿಲ್ಲ. ಹಾಗಾಗುತ್ತದೆ. ಗೊತ್ತಿದ್ದೂ ಆ ದಾರಿ ಹಿಡಿಯಬೇಕು.

ಇನ್ನೊಂದು ವಿಷಯ. ಮುಂದಿನ ವರ್ಷ ಸಮಾಲೋಚನಾ ಸಭೆಯಲ್ಲಿ ಟೀಚರಿಗೆ ಮಾತಾಡಲು ಹೇಳಿದರು. ಅವರು ಓದಲು ಕಲಿತ 13 ಮಕ್ಕಳ ಬಗ್ಗೆ ಹೇಳಲೇ ಇಲ್ಲ. ಪದದ ಹಂತದಲ್ಲೇ ಉಳಿದ ಆ ಇಬ್ಬರ ಪುಟಗಳನ್ನು ಓದಿ, ನನಗೆ ಇಲ್ಲಿ ದಾರಿ ಕಾಣ್ತಿಲ್ಲ, ನೀವೆಲ್ಲ ಏನು ಮಾಡ್ತೀರಿ ಅಂತ ಕೇಳಿದರು. ಅವತ್ತು ಚಹಾ ಬಂದರೂ ಯಾರೂ ಏಳಲಿಲ್ಲ. ಅರ್ಕಾವತ್ತನ್ನು ಹೇಗೆ ಹೇಳಿಕೊಡಬೇಕು ಅಂತ ಐದಾರು ಶಾಲೆಯವರು ಬೋರ್ಡಿನ ಮುಂದೆ ಬಂದು ಬರೆದು ತೋರಿಸಿದರು. ಹೊಗಳಿಕೆ ನಿರೀಕ್ಷಿಸದವರು ಮಾತ್ರ ಇಷ್ಟು ಸಲೀಸಾಗಿ ಸಹಾಯ ಕೇಳಬಲ್ಲರು.

ಫೋಟೋವನ್ನು ಪೂರ್ತಿ ಬಿಟ್ಟರು ಅಂತ ತಿಳಿಯಬೇಡಿ. ಅದೇ ಬೇಸಿಗೆಯಲ್ಲಿ ನಲಿ-ಕಲಿ ಕೋಣೆಯ ಮಾಡಿನ ಹಂಚು ಒಡೆದು ಬಿಸಿಲು ಮಕ್ಕಳ ತಲೆಯ ಮೇಲೇ ಬೀಳುತ್ತಿತ್ತು. ಟೀಚರು ನಾಲ್ಕು ಕಡೆಯಿಂದ ಫೋಟೋ ತೆಗೆದು ಗುಂಪಿಗೂ ಹಾಕಿದರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಕಳಿಸಿದರು, ಅರ್ಜಿಗೆ ಅಂಟಿಸಿ ಪಂಚಾಯ್ತಿಗೂ ಕೊಟ್ಟರು. ವಾರಕ್ಕೊಮ್ಮೆ ಹೋಗಿ ಕೇಳಿದರು. ಮುಂಗಾರು ಹಿಡಿಯುವ ಮೊದಲು ಹಂಚು ಬದಲಾಯಿತು.